ರಕ್ತ ಬಾರದ ವಸಡನ್ನೂ ಅಳೆಯಿರಿ

ಮಂಗಳೂರು, ಉಡುಪಿ ಕಡೆಯ ಹಲ್ಲಿನ ಕ್ಲಿನಿಕ್‌ಗೆ ಹೊಸದಾಗಿ ಸೇರುವವರಿಗೆ ಮೊದಲು ಹೇಳಬೇಕಾದದ್ದು ಇದು: “ಹಲ್ಲುಜ್ಜುವಾಗ ರಕ್ತ ಬರ್ತದಾ?” ಎಂದು ಕೇಳಿ, “ಇಲ್ಲ” ಅಂದ ಕೂಡಲೇ ಮುಂದೆ ಹೋಗಬೇಡಿ. ಬೀಡಿ, ಸಿಗರೇಟು ಸೇದುವವರಿಗೆ ವಸಡಿನ ರೋಗವಿದ್ದರೂ ವಸಡು ಗಟ್ಟಿಯಾಗಿಯೇ ಕಾಣುತ್ತದೆ, ರಕ್ತವೂ ಕಡಿಮೆ. ಒಳಗೆ ಎಲುಬು ಮಾತ್ರ ಕರಗುತ್ತಿರುತ್ತದೆ. ನೋವೂ ಇರುವುದಿಲ್ಲ. ಎಲೆಯಡಿಕೆಯೊಂದಿಗೆ ಹೊಗೆಸೊಪ್ಪು ಇಟ್ಟುಕೊಳ್ಳುವವರಲ್ಲಿ ಆ ಜಾಗದ ವಸಡು ಕೆಳಗಿಳಿದು ಬೇರು ಕಾಣುತ್ತದೆ. ಕೆನ್ನೆ ಸರಿಸಿ ಅಲ್ಲಿ ನೋಡಲೇಬೇಕು.

ಹಾಗಾಗಿ ಕಿಟ್ಟ (ಹಲ್ಲಿಗೆ ಅಂಟಿ ಗಟ್ಟಿಯಾದ ಕೊಳೆ) ತೆಗೆಯುವ ಸ್ಕೇಲರ್‌ಗಿಂತ ಮೊದಲು ಪ್ರೋಬ್, ಅಂದರೆ ಹಲ್ಲು ಮತ್ತು ವಸಡಿನ ನಡುವಿನ ಆಳ ಅಳೆಯುವ ಗೆರೆ ಹಾಕಿದ ಕಡ್ಡಿ. ವಿಲಿಯಮ್ಸ್ ಪ್ರೋಬ್‌ನಲ್ಲಿ 1, 2, 3, 5, 7, 8, 9, 10 ಮಿ.ಮೀ. ಗೆರೆಗಳಿರುತ್ತವೆ. ಓದುವಾಗ ಗೊಂದಲವಾಗದಿರಲೆಂದು 4 ಮತ್ತು 6ನ್ನು ಬಿಟ್ಟಿರುತ್ತಾರೆ. ಪ್ರತಿ ಹಲ್ಲಿಗೆ ಆರು ಕಡೆ ಅಳೆಯಿರಿ, ಕೆನ್ನೆಯ ಬದಿ ಮೂರು, ನಾಲಿಗೆಯ ಬದಿ ಮೂರು. ಒತ್ತಡ 20ರಿಂದ 25 ಗ್ರಾಂ ಸಾಕು. ನಿಮ್ಮ ಉಗುರಿನಡಿ ತುದಿ ಇಟ್ಟು ಅಷ್ಟೇ ಒತ್ತಿದರೆ ನೋಯಬಾರದು. ಎರಡು ದವಡೆ ಹಲ್ಲುಗಳ ನಡುವೆ ಪ್ರೋಬ್ ಸ್ವಲ್ಪ ವಾಲಿಸದಿದ್ದರೆ ಅಲ್ಲಿನ ಎಲುಬಿನ ಗುಳಿ ಸಿಗುವುದೇ ಇಲ್ಲ. ಹೆಚ್ಚು ತಪ್ಪುವುದು ಅಲ್ಲಿಯೇ. ಅಳೆದ ತಕ್ಷಣ ಒರೆಸಬೇಡಿ, ರಕ್ತ ಕಾಣಲು ಅರ್ಧ ನಿಮಿಷ ಬೇಕಾಗಬಹುದು. 1ರಿಂದ 3 ಮಿ.ಮೀ. ಸರಿ. 4 ಮಿ.ಮೀ. ಮತ್ತು ರಕ್ತ ಎರಡೂ ಇದ್ದರೆ ಚಿಕಿತ್ಸೆ ಬೇಕು. ವಸಡು ಬರೀ ಊದಿಕೊಂಡಿದ್ದರೂ ಅಳತೆ ಹೆಚ್ಚು ತೋರಿಸಬಹುದು, ಎಕ್ಸ್‌ರೇಯಲ್ಲಿ ಎಲುಬನ್ನು ನೋಡಿಯೇ ತೀರ್ಮಾನಿಸಿ.

ಒಂದು ಎಚ್ಚರಿಕೆ. ಕಿಟ್ಟವೇ ಇಲ್ಲದ ಬಾಯಲ್ಲಿ ವಸಡಿನಿಂದ ತಾನಾಗಿ ರಕ್ತ ಒಸರುತ್ತಿದ್ದರೆ ಸ್ಕೇಲರ್ ಮುಟ್ಟಬೇಡಿ. ಮೊದಲು ರಕ್ತ ಪರೀಕ್ಷೆ. ಮಳೆಗಾಲದಲ್ಲಿ ಜ್ವರದ ಮಾತು ಬಂದರೆ ಪ್ಲೇಟ್ಲೆಟ್ ಎಣಿಕೆ ತಪ್ಪಿಸಬೇಡಿ.

ಸ್ಕೇಲಿಂಗ್‌ನಲ್ಲಿ ತುದಿಯ ಮೊನೆಯಲ್ಲ, ಬದಿ ಹಲ್ಲಿಗೆ ತಾಗಬೇಕು. ನೀರು ಧಾರಾಳವಾಗಿರಲಿ. 2 ಮಿ.ಮೀ. ಸವೆದ ತುದಿಯನ್ನು ಬದಲಿಸಿ. ಕೆಳಗಿನ ಮುಂಹಲ್ಲುಗಳ ಒಳಬದಿಯಲ್ಲಿ ಕಿಟ್ಟ ಹೆಚ್ಚು, ನಾಲಿಗೆಯ ಕೆಳಗಿನ ಜೊಲ್ಲಿನ ನಾಳ ತೆರೆಯುವುದು ಅಲ್ಲೇ. ವಸಡಿನೊಳಗೆ ಆಳವಿರುವ ಕಡೆ ಮರಗಟ್ಟಿಸಿ ಕ್ಯೂರೆಟ್ (ಬೇರು ಕೆರೆಯುವ ಕೈ ಉಪಕರಣ) ಬಳಸಿ.

“ಕ್ಲೀನ್ ಮಾಡಿಸಿದ ಮೇಲೆಯೇ ಹಲ್ಲು ಅಲ್ಲಾಡ್ಲಿಕ್ಕೆ ಶುರುವಾದ್ದು ಡಾಕ್ಟ್ರೇ” ಎನ್ನುವ ದೂರು ಬರುವುದು ಮೊದಲೇ ಹೇಳದ ಕಾರಣ. ಎಲುಬು ಆಗಲೇ ಹೋಗಿತ್ತು, ಕಿಟ್ಟ ಆ ಹಲ್ಲುಗಳನ್ನು ಒಂದಕ್ಕೊಂದು ಹಿಡಿದಿತ್ತು. ಅದು ಹೋದ ಮೇಲೆ ಸಂದು ತೆರೆಯುತ್ತದೆ, ಊತ ಇಳಿದು ಬೇರು ಕಾಣುತ್ತದೆ, ತಣ್ಣೀರು ಜುಂ ಅನ್ನುತ್ತದೆ. ಕೆಲಸ ಶುರು ಮಾಡುವ ಮುಂಚೆ ಕನ್ನಡಿ ಹಿಡಿಸಿ ಕಿಟ್ಟವನ್ನು ತೋರಿಸಿ, ಇಷ್ಟನ್ನೂ ಹೇಳಿ.

ಬಾಯಿ ಮುಕ್ಕಳಿಸುವ ಔಷಧ ಕ್ಲೋರ್‌ಹೆಕ್ಸಿಡಿನ್ 0.2% ಕೊಟ್ಟರೆ 10 ಮಿ.ಲೀ., ದಿನಕ್ಕೆ ಎರಡು ಸಲ, ಒಂದು ನಿಮಿಷ, ಎರಡು ವಾರ ಮಾತ್ರ. ಪೇಸ್ಟ್ ಬಳಸಿ ಅರ್ಧ ಗಂಟೆ ಬಿಟ್ಟು ಮುಕ್ಕಳಿಸಬೇಕು. ಚಹಾ, ಕಾಫಿ ಹೆಚ್ಚು ಕುಡಿಯುವವರಿಗೆ ಕಂದು ಕಲೆ ಬೇಗ ಬೀಳುತ್ತದೆ. ಬರೀ ಆಂಟಿಬಯೋಟಿಕ್ ಬರೆದು ಕಳಿಸುವುದು ತಪ್ಪು. ಬೇರಿಗೆ ಅಂಟಿದ ಬ್ಯಾಕ್ಟೀರಿಯಾ ಪದರದೊಳಕ್ಕೆ ಔಷಧ ಸರಿಯಾಗಿ ಇಳಿಯುವುದಿಲ್ಲ.

ಸಕ್ಕರೆ ಕಾಯಿಲೆಯವರ ಎಚ್‌ಬಿಎ1ಸಿ (ಸುಮಾರು ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ರಕ್ತ ಪರೀಕ್ಷೆ) ಕೇಳಿ ಬರೆದಿಡಿ. ಸಕ್ಕರೆ ಏರಿದ್ದರೆ ವಸಡು ಮಾಯುವುದು ನಿಧಾನ.

6ರಿಂದ 8 ವಾರ ಕಳೆದು ಮತ್ತೆ ಅಳೆಯಿರಿ. 6 ಮಿ.ಮೀ. ಅಥವಾ ಹೆಚ್ಚು ಉಳಿದಲ್ಲಿ ವಸಡಿನ ತಜ್ಞರಿಗೆ ಕಳಿಸಿ, ಶಸ್ತ್ರಚಿಕಿತ್ಸೆ ಬೇಕಾಗಬಹುದು. ಉಳಿದವರನ್ನು ಮೂರು ತಿಂಗಳಿಗೊಮ್ಮೆ ಕರೆಸಿ. ಉಮಿ ಸುಟ್ಟ ಮಸಿಯಲ್ಲಿ ತಿಕ್ಕುವ ರೂಢಿ ಇದ್ದರೆ ಬಿಡಿಸಿ, ತೆರೆದ ಬೇರು ಸವೆಯುತ್ತದೆ. ತೆರೆದ ಸಂದಿಗೆ ದಾರ ಸಾಲದು, ಸಂದಿನ ಅಗಲಕ್ಕೆ ಸರಿಯಾಗುವ ಸಣ್ಣ ಬ್ರಷ್ ಆರಿಸಿ ಅವರ ಕೈಯಿಂದಲೇ ಒಮ್ಮೆ ಹಾಕಿಸಿ ನೋಡಿ.