ದೋಣಿಗೆ ಮರಳಿ ಹತ್ತುವುದು: ಹಂಗಾರಕಟ್ಟೆಯ ಹಿನ್ನೀರಿನಲ್ಲಿ ನಾಲ್ಕು ತಿಂಗಳ ಪ್ರಯೋಗ

ಅಕ್ಟೋಬರ್, ಕೊನೆಯ ವಾರ

ಕಳೆದ ಬೇಸಿಗೆಯಲ್ಲಿ ನಾನೇ ಕಟ್ಟಿದ ಪ್ಲೈವುಡ್ ದೋಣಿಯಿಂದ ಈ ಭಾನುವಾರ ಮೊದಲ ಬಾರಿಗೆ ನೀರಿಗೆ ಬಿದ್ದೆ. ಕೆಸರಿನಲ್ಲಿ ಸಿಕ್ಕಿಕೊಂಡಿದ್ದ ಲಂಗರನ್ನು ಬದಿಗೆ ಬಾಗಿ ಎಳೆಯುತ್ತಿದ್ದಾಗ ಅದು ಒಮ್ಮೆಲೇ ಕಿತ್ತುಬಂತು. ಅದರ ಜೊತೆಗೆ ನಾನೂ ಹೋದೆ. ಬಿದ್ದದ್ದರಲ್ಲಿ ವಿಶೇಷವೇನೂ ಇಲ್ಲ. ಈಜು ಬಲ್ಲೆ, ಲೈಫ್ ಜಾಕೆಟ್ ತೊಟ್ಟಿದ್ದೆ, ನೀರು ಬೆಚ್ಚಗಿತ್ತು. ಆದರೆ ಕೈಗೆಟುಕುವಷ್ಟು ಹತ್ತಿರದಲ್ಲೇ ತೇಲುತ್ತಿದ್ದ ನನ್ನ ದೋಣಿಯನ್ನು ಮತ್ತೆ ಹತ್ತಲು ನನ್ನಿಂದ ಆಗಲಿಲ್ಲ. ಏಳೆಂಟು ಸಲ ಪ್ರಯತ್ನಿಸಿ ತೋಳು ಸೋತ ಮೇಲೆ, ಮುಂದಿನ ಹಗ್ಗವನ್ನು ಹಿಡಿದು ದೋಣಿಯನ್ನು ಎಳೆಯುತ್ತಾ, ಕಾಲಿಗೆ ನೆಲ ಸಿಗುವ ಮರಳದಿಬ್ಬದವರೆಗೆ ಈಜಿದೆ. ಅದಕ್ಕೆ 20 ನಿಮಿಷಕ್ಕೂ ಹೆಚ್ಚು ಹಿಡಿಯಿತು. ಆಗ ಉಬ್ಬರವಿತ್ತು. ಇಳಿತದ ಹೊತ್ತಾಗಿದ್ದರೆ ಸೀತಾ ಮತ್ತು ಸ್ವರ್ಣಾ ಹೊಳೆಗಳ ನೀರೆಲ್ಲ ಕೋಡಿ ಬೆಂಗ್ರೆಯಲ್ಲಿ ಕಡಲು ಸೇರುವ ಅಳಿವೆಯತ್ತ ಸಾಗುತ್ತಿರುತ್ತಿತ್ತು, ಅದರೊಂದಿಗೆ ನಾನೂ ಸಾಗುತ್ತಿದ್ದೆ. ಆದ್ದರಿಂದ ಹಾಯಿ ಕಟ್ಟುವ ಯೋಜನೆಯನ್ನು ಬದಿಗಿಟ್ಟು, ಈ ಒಂದು ಸಮಸ್ಯೆ ಬಗೆಹರಿಯುವವರೆಗೆ ಬೇರೆ ಕೆಲಸಕ್ಕೆ ಕೈ ಹಾಕಬಾರದೆಂದು ತೀರ್ಮಾನಿಸಿದ್ದೇನೆ.

ದೋಣಿಯ ಅಳತೆಯನ್ನು ಇಲ್ಲಿ ಬರೆದಿಡುತ್ತೇನೆ, ಏಕೆಂದರೆ ಮುಂದಿನ ಎಲ್ಲವೂ ಅದನ್ನೇ ಅವಲಂಬಿಸಿದೆ. ಉದ್ದ 3.6 ಮೀಟರ್, ಅಂಚಿನಲ್ಲಿ ಅಗಲ 95 ಸೆಂ.ಮೀ., ತಳದಲ್ಲಿ 60 ಸೆಂ.ಮೀ., ತೂಕ 42 ಕಿಲೋ. ಆಕಾರದಲ್ಲಿ ನಮ್ಮೂರಿನ ಪಾತಿ ಎಂಬ ಸಣ್ಣ ದೋಣಿಗೆ ಹತ್ತಿರ, ಆದರೆ ಹಿಂಬದಿಯು ಚೂಪಾಗಿರದೆ ಅಡ್ಡಹಲಗೆಯಿಂದ ಮುಚ್ಚಿದೆ. ನೀರಿನ ಮೇಲೆ ಅಂಚಿನ ಎತ್ತರ ನಡುವಿನಲ್ಲಿ 30 ಸೆಂ.ಮೀ. ಮಾತ್ರ. ಇಷ್ಟು ತಗ್ಗಾದ ದೋಣಿಯನ್ನು ಹತ್ತಲಾಗಲಿಲ್ಲವೆಂದರೆ ದಡದಲ್ಲಿ ನಿಂತವರು ನಂಬುವುದಿಲ್ಲ. ಆ ಮೊದಲು ನಾನೂ ನಂಬುತ್ತಿರಲಿಲ್ಲ.

ನವೆಂಬರ್, ಎರಡನೆಯ ವಾರ

ಮೊದಲ ಪ್ರಯೋಗವು ನನ್ನನ್ನೇ ಮೋಸಗೊಳಿಸಿತು. ಎದೆಮಟ್ಟದ ನೀರಿನಲ್ಲಿ ನಿಂತು ಪ್ರಯತ್ನಿಸಿದಾಗ ಐದರಲ್ಲಿ ನಾಲ್ಕು ಸಲ ಸಲೀಸಾಗಿ ಹತ್ತಿದೆ. ಪಕ್ಕದ ದೋಣಿಯಲ್ಲಿ ಕಾವಲಿಗೆ ಕುಳಿತಿದ್ದ ಭಾವನವರು, "ನೀವು ನೆಲ ಒದ್ದು ಹಾರುತ್ತಿದ್ದೀರಿ ಭಾವ, ಅದು ಲೆಕ್ಕಕ್ಕಿಲ್ಲ" ಎಂದರು. ಅವರ ಮಾತು ಸರಿಯಾಗಿತ್ತು. ನೆಲ ಸಿಗದ ಕಡೆಗೆ ಹೋದೊಡನೆ ಐದಕ್ಕೆ ಐದೂ ಸಲ ಸೋತೆ. ಅಂದಿನಿಂದ ನೀರಿನ ಆಳ ಎರಡೂವರೆ ಮೀಟರಿಗೆ ಕಡಿಮೆಯಿರುವಲ್ಲಿ ಮಾಡಿದ ಯಾವ ಪ್ರಯತ್ನವನ್ನೂ ಈ ದಾಖಲೆಯಲ್ಲಿ ಸೇರಿಸುತ್ತಿಲ್ಲ. ಒಬ್ಬನೇ ಪ್ರಯೋಗಕ್ಕೆ ಇಳಿಯುವುದೂ ಇಲ್ಲ.

ಸೋಲಿನ ಬಗೆಯನ್ನು ಗಮನಿಸಿದಾಗ ಎರಡು ಸಂಗತಿಗಳು ಕಂಡವು. ಅಂಚನ್ನು ಹಿಡಿದು ಮೈಯನ್ನು ಎಳೆದುಕೊಂಡಾಗ ಕಾಲುಗಳು ದೋಣಿಯ ತಳದಡಿಗೆ ನುಗ್ಗುತ್ತವೆ. ಆಮೇಲೆ ತೋಳುಗಳು ಎಷ್ಟೇ ಎಳೆದರೂ ಮೈ ಮೇಲೇಳುವುದಿಲ್ಲ, ಎದೆ ದೋಣಿಯ ಹೊರಮೈಗೆ ಅಂಟಿಕೊಳ್ಳುತ್ತದೆ. ಇದಕ್ಕೆ ಪರಿಹಾರವೆಂದರೆ ಮೊದಲು ಕಾಲು ಬಡಿದು ಮೈಯನ್ನು ನೀರಿನ ಮಟ್ಟಕ್ಕೆ ಅಡ್ಡವಾಗಿ ಮಲಗಿಸಿ, ಆ ವೇಗದಲ್ಲಿಯೇ ಮುಂದಕ್ಕೆ ಜಾರುವುದು. ಎರಡನೆಯದು ಭಾರದ ಲೆಕ್ಕ. ನೀರಿನಲ್ಲಿ ಮುಳುಗಿರುವಾಗ ನನ್ನ 74 ಕಿಲೋ ಇಲ್ಲದಂತೆಯೇ ಇರುತ್ತದೆ, ಆದರೆ ಎದೆ, ಹೊಟ್ಟೆ, ತೊಡೆಗಳು ಒಂದೊಂದಾಗಿ ಹೊರಬರುತ್ತಿದ್ದಂತೆ ಆ ಭಾರವೆಲ್ಲ ಅಂಚಿನ ಮೇಲೆ ಬೀಳುತ್ತದೆ. ಅಂದರೆ ಹತ್ತುವ ಕೆಲಸ ಮುಗಿಯುತ್ತ ಬಂದಷ್ಟೂ ದೋಣಿ ಮಗುಚುವ ಸಂಭವ ಹೆಚ್ಚುತ್ತದೆ. ಮೂರನೆಯ ಸಲ ಹೊಟ್ಟೆಯವರೆಗೆ ಏರಿದವನು ದೋಣಿಯನ್ನು ನನ್ನ ತಲೆಯ ಮೇಲೆಯೇ ಮಗುಚಿಕೊಂಡೆ.

ನವೆಂಬರ್, ಕೊನೆಯ ವಾರ

ಬದಿಯಿಂದ ಹತ್ತುವುದೇ ಅಥವಾ ಹಿಂದಿನಿಂದಲೇ ಎಂಬುದನ್ನು ವಾದದಿಂದ ತೀರ್ಮಾನಿಸುವ ಬದಲು ಮರಳಿನ ಚೀಲಗಳಿಂದ ತೀರ್ಮಾನಿಸಿದೆ. ದೋಣಿಯ ನಡುವಿನ ಅಂಚಿನ ಮೇಲೆ 40 ಕಿಲೋ ಮರಳನ್ನು ಹೇರಿ, ಕೂರುವ ಅಡ್ಡಮಣೆಯ ಮೇಲಿಟ್ಟ ಮೊಬೈಲಿನಲ್ಲಿ ವಾಲುವಿಕೆಯನ್ನು ನೋಡಿದಾಗ 12 ಡಿಗ್ರಿ ಬಂತು. ಅದೇ ಚೀಲಗಳನ್ನು ಹಿಂಬದಿಯ ಅಡ್ಡಹಲಗೆಯ ಮೇಲಿಟ್ಟಾಗ ಎರಡೂವರೆ ಡಿಗ್ರಿಯಷ್ಟೇ. ಹಿಂಭಾಗ ನೀರಿಗಿಳಿದ ಪ್ರಮಾಣವೂ ಕಡಿಮೆಯೇನಲ್ಲ, ಸುಮಾರು 9 ಸೆಂ.ಮೀ.; ಆದರೆ ಹಿಂಭಾಗ ತಗ್ಗಿದರೆ ಹತ್ತುವವನಿಗೆ ಅನುಕೂಲವೇ ಹೊರತು ದೋಣಿ ಮಗುಚುವುದಿಲ್ಲ. ಈ ಲೆಕ್ಕವನ್ನೆಲ್ಲ ಮಾಡಿ ಮುಗಿಸಿದ ಸಂಜೆ, ಮರುವಾಯಿ (ಚಿಪ್ಪುಮೀನು) ಹೆಕ್ಕಿ ಮರಳುತ್ತಿದ್ದ ನೆರೆಮನೆಯ ಹಿರಿಯರು ಚೀಲಗಳನ್ನು ನೋಡಿ, ತಾವು ಹುಡುಗರಾಗಿದ್ದಾಗಿನಿಂದ ಹಿಂದಿನಿಂದಲೇ ಹತ್ತುತ್ತಿರುವುದಾಗಿ ತಿಳಿಸಿ, "ಕೇಳಿದ್ದರೆ ಹೇಳುತ್ತಿದ್ದೆ ಮಾರಾಯ್ರೆ" ಎಂದು ನಕ್ಕು ಹೋದರು.

ಡಿಸೆಂಬರ್

ಹಿಂದಿನಿಂದಲೂ ತೋಳಿನ ಬಲದಿಂದಲೇ ಹತ್ತಬೇಕಾದರೆ ಹತ್ತರಲ್ಲಿ ಮೂರು ಸಲ ಮಾತ್ರ ಆಯಿತು, ಅದೂ ದಣಿದಿರದಾಗ. ಹಾಗಾಗಿ ಕಾಲಿಗೆ ಮೆಟ್ಟಿಲು ಬೇಕಾಯಿತು. ಈ ತಿಂಗಳು ಪೂರ್ತಿ ಆ ಮೆಟ್ಟಿಲಿನದೇ ಕಥೆ.

ಮೊದಲು ಮಾಡಿದ್ದು ಹಗ್ಗದ ಒಂದು ಕುಣಿಕೆ. ಮನೆಯಲ್ಲಿದ್ದ ಪಾಲಿಪ್ರೊಪಿಲೀನ್ ಹಗ್ಗವನ್ನು ಬಳಸಿದ್ದು ತಪ್ಪಾಯಿತು. ಅದು ನೀರಿಗಿಂತ ಹಗುರ, ಆದ್ದರಿಂದ ಕುಣಿಕೆ ಮೇಲಕ್ಕೆ ತೇಲಿಬಂದು ಮುಚ್ಚಿಕೊಳ್ಳುತ್ತದೆ. ಅದನ್ನು ಪಾದದಿಂದ ಹುಡುಕುವುದು ಕತ್ತಲೆಯಲ್ಲಿ ಚಪ್ಪಲಿ ಹುಡುಕಿದಂತೆ. ನೈಲಾನ್ ಹಗ್ಗ ಮುಳುಗುತ್ತದೆ ನಿಜ, ಆದರೆ ಮೈಭಾರಕ್ಕೆ ಹಿಗ್ಗಿ, ಮೆಟ್ಟಿದ ಪಾದವನ್ನು ಇನ್ನಷ್ಟು ಕೆಳಕ್ಕೆ ಇಳಿಸುತ್ತದೆ. ಕೊನೆಗೆ 12 ಮಿ.ಮೀ. ಪಾಲಿಯೆಸ್ಟರ್ ಹಗ್ಗ ತಂದೆ. ಇದು ಮುಳುಗುತ್ತದೆ, ಹೆಚ್ಚು ಹಿಗ್ಗುವುದಿಲ್ಲ. ಪಾದವಿಡುವ ಜಾಗದಲ್ಲಿ ಹಗ್ಗವನ್ನು 30 ಸೆಂ.ಮೀ. ಉದ್ದದ ಕಬ್ಬಿಣದ ಪೈಪಿನೊಳಗೆ ಹಾಯಿಸಿದ್ದರಿಂದ ಕುಣಿಕೆ ಸದಾ ತೆರೆದಿರುತ್ತದೆ ಮತ್ತು ನೆಟ್ಟಗೆ ಇಳಿಯುತ್ತದೆ.

ಕುಣಿಕೆಯ ಹಗ್ಗವನ್ನು ದೋಣಿಯ ಆಚೆ ಬದಿಗೆ ಕಟ್ಟಿ ಈಚೆ ಅಂಚಿನ ಮೇಲಿನಿಂದ ಇಳಿಬಿಟ್ಟರೆ ವಾಲುವುದಿಲ್ಲವೆಂದು ಒಬ್ಬ ಗೆಳೆಯರು ಸೂಚಿಸಿದ್ದರು. ಪರೀಕ್ಷಿಸಿದೆ. ವಾಲುವಿಕೆಯಲ್ಲಿ ಏನೂ ವ್ಯತ್ಯಾಸವಾಗಲಿಲ್ಲ, ಆಗಬೇಕಾಗಿಯೂ ಇಲ್ಲ: ಹಗ್ಗವನ್ನು ಎಲ್ಲಿಯೇ ಕಟ್ಟಿದ್ದರೂ ಭಾರ ಕೆಳಕ್ಕೆ ಎಳೆಯುವುದು ಈಚೆ ಅಂಚನ್ನೇ. ಹಗ್ಗವನ್ನು ತಳದಡಿಯಿಂದ ಸುತ್ತಿ ತಂದರೆ ವಾಲುವಿಕೆ ಕಡಿಮೆಯಾಗುತ್ತದೆ, ಆದರೆ ಪಾದವೇ ತಳದಡಿಗೆ ಸೇರಿ ಮೊದಲಿನ ತೊಂದರೆಗೆ ಮರಳಿದಂತಾಗುತ್ತದೆ.

ಈಗಿನ ರೂಪ ಹೀಗಿದೆ. ಹಿಂಬದಿಯ ಹಲಗೆಗೆ ಒಳಗಿನಿಂದ 18 ಮಿ.ಮೀ. ಪ್ಲೈವುಡ್ ತುಂಡನ್ನು ಅಂಟಿಸಿ ಬಲಪಡಿಸಿ, ಅದಕ್ಕೆ ಎರಡು ಸ್ಟೇನ್‌ಲೆಸ್ ಸ್ಟೀಲ್ ಯು-ಬೋಲ್ಟ್‌ಗಳನ್ನು ಹಾಕಿದ್ದೇನೆ. ಅವುಗಳಿಂದ ಎರಡು ಮೆಟ್ಟಿಲುಗಳ ಹಗ್ಗದ ಏಣಿ ಇಳಿಯುತ್ತದೆ. ಮೇಲಿನ ಮೆಟ್ಟಿಲು ನೀರಿನ ಮಟ್ಟಕ್ಕಿಂತ 30 ಸೆಂ.ಮೀ. ಕೆಳಗೆ, ಕೆಳಗಿನದು 65 ಸೆಂ.ಮೀ. ಕೆಳಗೆ. ಒಂದೇ ಮೆಟ್ಟಿಲಿದ್ದಾಗ, ಅದನ್ನು ಮೆಟ್ಟಲು ಮಂಡಿಯನ್ನು ಎದೆಯವರೆಗೆ ಎತ್ತಬೇಕಾಗುತ್ತಿತ್ತು. ಲೈಫ್ ಜಾಕೆಟ್ ತೊಟ್ಟು ಅದು ಸಾಧ್ಯವಿಲ್ಲ. ಏಣಿಯನ್ನು ಸುತ್ತಿ, ಎಳೆದರೆ ಬಿಚ್ಚಿಕೊಳ್ಳುವ ಒಂದು ಜಾರುಗಂಟಿನಿಂದ ಹಲಗೆಯ ಮೇಲೆ ಕಟ್ಟಿಟ್ಟಿದ್ದು, ಆ ಗಂಟಿನ ತುದಿ ಹೊರಗೆ ನೀರಿನವರೆಗೆ ಇಳಿಬಿದ್ದಿರುತ್ತದೆ. ನೀರಿನಲ್ಲಿರುವವನ ಕೈಗೆ ಎಟುಕದ ಏಣಿ ದೋಣಿಯಲ್ಲಿದ್ದೂ ಇಲ್ಲದಂತೆ. ಇದಲ್ಲದೆ, ಹಲಗೆಯಿಂದ ಅರ್ಧ ಮೀಟರ್ ಒಳಗೆ ಅಡ್ಡಮಣೆಗೆ ಎರಡು ಹಿಡಿಹಗ್ಗಗಳನ್ನು ಬಿಗಿದಿದ್ದೇನೆ. ಅಂಚನ್ನು ಹಿಡಿದವನು ತನ್ನನ್ನು ಮೇಲಕ್ಕೆ ಎತ್ತಬೇಕು, ಒಳಗಿನ ಹಿಡಿಯನ್ನು ಹಿಡಿದವನು ಮುಂದಕ್ಕೆ ಎಳೆದುಕೊಂಡರೆ ಸಾಕು. ನನ್ನ ಅನುಭವದಲ್ಲಿ ಏಣಿಗಿಂತಲೂ ಹೆಚ್ಚಿನ ಉಪಕಾರ ಮಾಡಿದ್ದು ಈ ಎರಡು ತುಂಡು ಹಗ್ಗಗಳೇ.

ಜನವರಿ

ಇಪ್ಪತ್ತು ಪ್ರಯತ್ನಗಳಲ್ಲಿ ಇಪ್ಪತ್ತೂ ಸಫಲ. ಸರಾಸರಿ 40 ಸೆಕೆಂಡು. 100 ಮೀಟರ್ ಈಜಿ ದಣಿದ ಮೇಲೆ ಒಂದು ನಿಮಿಷ 10 ಸೆಕೆಂಡು. ದಪ್ಪ ಎದೆಪಟ್ಟಿಯ ಹಳೆಯ ಲೈಫ್ ಜಾಕೆಟ್ ಹಲಗೆಗೆ ಸಿಕ್ಕಿಕೊಳ್ಳುತ್ತಿದ್ದುದರಿಂದ, ಫೋಮ್ ಹೆಚ್ಚಾಗಿ ಪಕ್ಕೆಗಳಲ್ಲಿರುವ ಹುಟ್ಟು ಹಾಕುವವರ ಜಾಕೆಟ್ ಕೊಂಡೆ.

ನೀರು ತುಂಬಿದ ದೋಣಿಯ ಪರೀಕ್ಷೆಯಲ್ಲಿ ಮಾತ್ರ ಸಂಪೂರ್ಣ ಸೋತೆ. ಅಡ್ಡಮಣೆಗಳಡಿ ಕಟ್ಟಿದ್ದ 10 ಲೀಟರಿನ ಎರಡು ಖಾಲಿ ಕ್ಯಾನುಗಳಿಂದ ದೋಣಿ ಮುಳುಗಲಿಲ್ಲವಾದರೂ ಅದರ ಅಂಚು ನೀರಿನ ಮಟ್ಟಕ್ಕಿಂತ ಮೇಲೇಳಲಿಲ್ಲ. ಮೊಗೆದು ಚೆಲ್ಲಿದಷ್ಟೂ ಹೊಳೆ ತುಂಬಿಕೊಡುತ್ತಿತ್ತು. ಮೇಲಾಗಿ ಒಳಗಿನ ನೀರು ಒಂದು ಬದಿಯಿಂದ ಇನ್ನೊಂದಕ್ಕೆ ಹರಿದಾಡುವುದರಿಂದ ದೋಣಿ ನಿಲ್ಲದೆ ಹೊರಳುತ್ತದೆ. ಈಗ ಎರಡೂ ಬದಿಗಳ ಒಳಮೈಗೆ ಫೋಮ್ ಹಲಗೆಗಳನ್ನು ಸೇರಿಸಿ ತೇಲುವ ಗಾತ್ರವನ್ನು ಒಟ್ಟು 90 ಲೀಟರಿಗೆ ಏರಿಸಿದ್ದೇನೆ. ನೀರಿನಲ್ಲಿಯೇ ಇದ್ದು, ಕತ್ತರಿಸಿದ ಕ್ಯಾನಿನಿಂದ ಮೊದಲು ಕಾಲುಭಾಗವನ್ನು ಖಾಲಿ ಮಾಡಿ, ಆಮೇಲೆ ಹತ್ತಿ ಉಳಿದದ್ದನ್ನು ಚೆಲ್ಲುವುದಕ್ಕೆ 16 ನಿಮಿಷ ಬೇಕಾಯಿತು. ಮೊಗೆಯುವ ಕ್ಯಾನನ್ನು ದೋಣಿಗೆ ಕಟ್ಟಿಡಬೇಕೆಂಬುದನ್ನು, ಅದು ತೇಲಿಹೋದ ಮೇಲೆ ಕಲಿತೆ.

ಫೆಬ್ರವರಿ

ಮಧ್ಯಾಹ್ನದ ಕಡಲಗಾಳಿ ಎದ್ದಾಗ ಖಾಲಿ ದೋಣಿ ನಾನು ಈಜುವುದಕ್ಕಿಂತ ವೇಗವಾಗಿ ಸರಿದುಹೋಗುತ್ತದೆ. ಭಾವನವರು ಎರಡು ಸಲ ಹುಟ್ಟು ಹಾಕಿ ಅದನ್ನು ಹಿಡಿದು ತರಬೇಕಾಯಿತು. ಡಿಸೆಂಬರಿನಲ್ಲಿ ಬೈದು ಮೂಲೆಗೆಸೆದ ಪಾಲಿಪ್ರೊಪಿಲೀನ್ ಹಗ್ಗ ಇಲ್ಲಿ ಕೆಲಸಕ್ಕೆ ಬಂತು: ಅದರ 8 ಮೀಟರ್ ತುಂಡನ್ನು ದೋಣಿಯ ಹಿಂದೆ ತೇಲಬಿಟ್ಟು, ಅಲ್ಲಲ್ಲಿ ಕೈಹಿಡಿತಕ್ಕೆ ಗಂಟು ಹಾಕಿದ್ದೇನೆ.

ನಿನ್ನೆ ನನ್ನ ಹೆಂಡತಿ ಮೊದಲ ಬಾರಿ ಏಣಿಯನ್ನು ಪರೀಕ್ಷಿಸಿದಳು. ಕೆಳಗಿನ ಮೆಟ್ಟಿಲನ್ನು ಸುಲಭವಾಗಿ ಮೆಟ್ಟಿದಳು, ಆದರೆ ಎರಡು ಮೆಟ್ಟಿಲುಗಳ ನಡುವಿನ 35 ಸೆಂ.ಮೀ. ಅವಳಿಗೆ ಹೆಚ್ಚಾಯಿತು, ಒಳಗಿನ ಹಿಡಿಹಗ್ಗಗಳೂ ಕೈಗೆ ಎಟುಕಲಿಲ್ಲ. ಎಲ್ಲ ಅಳತೆಗಳನ್ನೂ ನನ್ನ ಮೈಗೇ ತೆಗೆದದ್ದರ ಫಲವಿದು. ಈ ವಾರ ನಡುವೆ ಇನ್ನೊಂದು ಪೈಪನ್ನು ಸೇರಿಸಿ, ಹಿಡಿಹಗ್ಗಗಳನ್ನು 15 ಸೆಂ.ಮೀ. ಹಿಂದಕ್ಕೆ ಉದ್ದ ಮಾಡಬೇಕಾಗಿದೆ. ಹಾಯಿಯ ಬಟ್ಟೆ ಇನ್ನೂ ಅಟ್ಟದ ಮೇಲೆಯೇ ಇದೆ.