“ಅಕ್ಕಾ, ನಮ್ಮ ಶಾಲೆ ಮುಚ್ತೀರಾ?”

ಇತ್ತೀಚೆಗೆ ಈ ಪ್ರಶ್ನೆ ಕಿವಿಗೆ ಬೀಳದ ಶನಿವಾರ ಭಾನುವಾರವೇ ಇಲ್ಲ. ಕನ್ನಡ ಕೂಟದ ಊಟದ ಸಾಲಿನಲ್ಲಿ ಕೇಳುತ್ತಾರೆ. ಇಂಡಿಯನ್ ಅಂಗಡಿಯಲ್ಲಿ ಬೆಂಡೆಕಾಯಿ ಆರಿಸುವಾಗ ಕೇಳುತ್ತಾರೆ. ಮಗನ ಸಾಕರ್ ಮೈದಾನದ ಪಕ್ಕ ಕುರ್ಚಿ ಬಿಡಿಸಿ ಕೂತರೆ ಅಲ್ಲೂ ಬಂದು ಕೇಳುತ್ತಾರೆ. “ಅಕ್ಕಾ, ನೀವು ಗೆದ್ದರೆ ನಮ್ಮ ಶಾಲೆ ಮುಚ್ತೀರಾ, ಉಳಿಸ್ತೀರಾ? ಅದೊಂದು ಹೇಳಿಬಿಡಿ.”

ನಾನು ಕ್ಯಾಲಿಫೋರ್ನಿಯಾದ ಬೇ ಏರಿಯಾದಲ್ಲಿ, ನಮ್ಮ ಸ್ಕೂಲ್ ಡಿಸ್ಟ್ರಿಕ್ಟ್‌ನ ಬೋರ್ಡ್ ಚುನಾವಣೆಗೆ ನಿಂತಿದ್ದೇನೆ. ನಮ್ಮಲ್ಲಿ ಮಕ್ಕಳು ಕಡಿಮೆಯಾಗುತ್ತಿದ್ದಾರೆ, ದುಡ್ಡು ಸಾಲುತ್ತಿಲ್ಲ. ಒಂದೆರಡು ಪ್ರಾಥಮಿಕ ಶಾಲೆ ಮುಚ್ಚುವ ಮಾತು ಎದ್ದಿದೆ.

ಉತ್ತರ ಮೊದಲೇ ಹೇಳಿಬಿಡುತ್ತೇನೆ. ಮುಚ್ಚುವುದಿಲ್ಲ ಅಂತ ನಾನು ಮಾತು ಕೊಡುವುದಿಲ್ಲ. ಇದು ಗೆಲ್ಲೋ ಉತ್ತರ ಅಲ್ಲ ಅಂತ ಮನೆಯವರು ಆಗಲೇ ಹೇಳಿದ್ದಾರೆ. ಇರಬಹುದು. ಆದರೂ ಯಾಕೆ ಹಾಗೆ ಅಂತ ಸ್ವಲ್ಪ ಬಿಡಿಸಿ ಹೇಳಬೇಕು. ಬೆಂಡೆಕಾಯಿ ಮುಂದೆ ನಿಂತು ಅಷ್ಟೆಲ್ಲ ಹೇಳೋಕೆ ಆಗಲ್ಲ.

ನಾನು ನಿಂತಿರುವ ವಿಷಯ ಕೇಳಿ ಸಾಗರದಿಂದ ಅಮ್ಮ ಫೋನ್ ಮಾಡಿದ್ದರು. “ಅದೇನು, ನಮ್ಮ ಎಸ್‌ಡಿಎಂಸಿ ಥರನಾ?” ಪೂರ್ತಿ ಹಾಗಲ್ಲ. ಊರಲ್ಲಿ ಎಸ್‌ಡಿಎಂಸಿ ಒಂದೊಂದು ಶಾಲೆಗೆ ಒಂದೊಂದು. ಮೇಷ್ಟ್ರನ್ನು ನೇಮಿಸುವುದು, ಸಂಬಳ ಕೊಡುವುದು ಎಲ್ಲ ಸರ್ಕಾರ. ಇಲ್ಲಿ ಡಿಸ್ಟ್ರಿಕ್ಟ್ ಅಂದರೆ ನಮ್ಮ ಜಿಲ್ಲೆ ಅಲ್ಲ, ಒಂದಷ್ಟು ಶಾಲೆಗಳ ಗುಂಪು. ಅದಕ್ಕೆ ಸಾಮಾನ್ಯವಾಗಿ ಐದು ಜನರ ಬೋರ್ಡ್, ನಾಲ್ಕು ವರ್ಷದ ಅವಧಿ, ಪಕ್ಷದ ಚಿಹ್ನೆ ಇಲ್ಲ. ಡಿಸ್ಟ್ರಿಕ್ಟ್ ನಡೆಸುವ ಮುಖ್ಯ ಅಧಿಕಾರಿ ಸೂಪರಿಂಟೆಂಡೆಂಟ್‌ನನ್ನು ನೇಮಿಸುವುದು, ಬಜೆಟ್‌ಗೆ ಒಪ್ಪಿಗೆ ಕೊಡುವುದು, ಟೀಚರ್‌ಗಳ ಯೂನಿಯನ್ ಜೊತೆಗಿನ ಒಪ್ಪಂದಕ್ಕೆ ಸಹಿ, ಯಾವ ಬೀದಿಯ ಮಗು ಯಾವ ಶಾಲೆಗೆ ಅನ್ನುವ ಗಡಿ, ಕೊನೆಗೆ ಶಾಲೆ ತೆರೆಯುವುದು, ಮುಚ್ಚುವುದು. ಇಷ್ಟೂ ಆ ಐದು ಜನರ ಕೈಯಲ್ಲಿ. ಐದರಲ್ಲಿ ಮೂರು ಓಟು ಬಿದ್ದರೆ ಕೆಲಸ ಆಯಿತು.

ಅಮ್ಮ ಎಲ್ಲ ಕೇಳಿ, “ಮತ್ತೆ ಸಂಬಳ ಎಷ್ಟು?” ಅಂದರು. ಆ ಪ್ರಶ್ನೆಗೆ ಉತ್ತರಿಸದೆ ಬೇರೆ ಮಾತು ತೆಗೆದೆ.

ಈಗ ದುಡ್ಡಿನ ವಿಷಯ. ಕ್ಯಾಲಿಫೋರ್ನಿಯಾದ ಸರ್ಕಾರಿ ಶಾಲೆಗಳಲ್ಲಿ 2019-20ರಲ್ಲಿ ಸುಮಾರು 62 ಲಕ್ಷ ಮಕ್ಕಳಿದ್ದರು. 2023-24ಕ್ಕೆ ಅದು 58 ಲಕ್ಷದ ಹತ್ತಿರ ಇಳಿಯಿತು. ಹುಟ್ಟುವ ಮಕ್ಕಳೇ ಕಡಿಮೆ. ಜೊತೆಗೆ ಬೇ ಏರಿಯಾದಲ್ಲಿ ಮನೆ ಬೆಲೆ ನಿಮಗೆ ಗೊತ್ತೇ ಇದೆ. ಚಿಕ್ಕ ಮಕ್ಕಳಿರುವ ಸಂಸಾರಗಳು ಸ್ಯಾಕ್ರಮೆಂಟೊ ಕಡೆಗೋ ಟೆಕ್ಸಸ್‌ಗೋ ಹೊರಡುತ್ತವೆ. ಮಕ್ಕಳು ದೊಡ್ಡವರಾದ ಮನೆಗಳವರು ಅಲ್ಲೇ ಇರುತ್ತಾರೆ. ಅವರು ಹೋಗಲ್ಲ ಯಾಕೆಂದರೆ 1978ರ ಪ್ರೊಪೊಸಿಷನ್ 13 ಅನ್ನುವ ಆಸ್ತಿ ತೆರಿಗೆ ಕಾನೂನು ಇದೆ. ಮನೆ ಕೈ ಬದಲಾಗುವವರೆಗೆ ತೆರಿಗೆಯ ಲೆಕ್ಕದ ಬೆಲೆ ವರ್ಷಕ್ಕೆ ಶೇಕಡಾ 2ಕ್ಕಿಂತ ಜಾಸ್ತಿ ಏರುವ ಹಾಗಿಲ್ಲ. ನಮ್ಮ ಬೀದಿಯಲ್ಲಿ ನನ್ನ ಕಿಂಡರ್‌ಗಾರ್ಟನ್ ಮಗಳ ವಯಸ್ಸಿನ ಇನ್ನೊಂದು ಮಗು ಇಲ್ಲ.

ಶಾಲೆಗೆ ಬರುವ ದುಡ್ಡು ಮಗುವಿನ ತಲೆ ಲೆಕ್ಕ. ಅದೂ ಹೆಸರು ಬರೆಸಿದ ಲೆಕ್ಕ ಅಲ್ಲ, ದಿನದ ಸರಾಸರಿ ಹಾಜರಿಯ ಲೆಕ್ಕ. ಮಗು ಜ್ವರ ಬಂದು ಮನೆಯಲ್ಲಿ ಮಲಗಿದರೂ ಆ ದಿನದ ಹಾಜರಿ ಹೋದ ಹಾಗೆ. ನಮ್ಮ ಜನಕ್ಕೆ ಇದು ನೇರವಾಗಿ ತಟ್ಟುವ ಮಾತು. ಡಿಸೆಂಬರ್ ರಜೆಗೆ ಎರಡು ವಾರ ಸೇರಿಸಿ ಊರಿಗೆ ಹೋಗುತ್ತೇವೆ ಅಲ್ವಾ? ಹೋಗಿ, ತಪ್ಪಿಲ್ಲ, ಅಜ್ಜ ಅಜ್ಜಿಯನ್ನು ಮತ್ತೆ ಯಾವಾಗ ನೋಡೋದು. ಆದರೆ ಹೊರಡುವ ಮುಂಚೆ ಶಾಲೆಯ ಆಫೀಸಿನಲ್ಲಿ ಇಂಡಿಪೆಂಡೆಂಟ್ ಸ್ಟಡಿ ಅಂತ ಒಂದು ಒಪ್ಪಂದ ಕೇಳಿ ಸಹಿ ಮಾಡಿ. ಮಗು ಕೊಟ್ಟ ಕೆಲಸ ಮಾಡಿ ತಂದು ಒಪ್ಪಿಸಿದರೆ ಆ ದಿನಗಳ ದುಡ್ಡು ಡಿಸ್ಟ್ರಿಕ್ಟ್‌ಗೆ ಉಳಿಯುತ್ತದೆ. ಶಾಲೆ ಉಳಿಸಿ ಅಂತ ಫಲಕ ಹಿಡಿದು ನಿಂತಿದ್ದ ಒಬ್ಬರು ಮೂರು ವಾರ ಮೈಸೂರಿಗೆ ಹೋಗಿ ಬಂದರು, ಈ ಕಾಗದದ ಸುದ್ದಿಯೇ ಅವರಿಗೆ ಗೊತ್ತಿರಲಿಲ್ಲ. ಅವರ ತಪ್ಪಲ್ಲ. ಯಾರೂ ಹೇಳಿರಲಿಲ್ಲ.

(ಪಾಲೊ ಆಲ್ಟೊದಲ್ಲಿರುವ ಗೆಳತಿ ಇದನ್ನು ಓದಿ ನಗಬಹುದು. ಅವರದು ಬೇಸಿಕ್ ಏಡ್ ಡಿಸ್ಟ್ರಿಕ್ಟ್. ಅಲ್ಲಿನ ಆಸ್ತಿ ತೆರಿಗೆಯೇ ರಾಜ್ಯ ಲೆಕ್ಕ ಹಾಕಿ ಕೊಡುವುದಕ್ಕಿಂತ ಜಾಸ್ತಿ. ಮಕ್ಕಳು ಕಡಿಮೆಯಾದರೂ ದುಡ್ಡು ಕಡಿಮೆಯಾಗಲ್ಲ. ನಮ್ಮ ಹಣೆಬರಹ ಹಾಗಿಲ್ಲ.)

ಮುಂದಿನ ಪ್ರಶ್ನೆ ಯಾವಾಗಲೂ ಇದೇ. “ಹೊಸ ಜಿಮ್ ಕಟ್ಟೋಕೆ ದುಡ್ಡಿದೆ, ಟೀಚರ್‌ಗೆ ಇಲ್ವಾ?” ಕೇಳುವವರ ಕೋಪ ನ್ಯಾಯವೇ. ಆದರೆ ಜಿಮ್ ಕಟ್ಟುವುದು ಬಾಂಡ್ ದುಡ್ಡಲ್ಲಿ, ಅಂದರೆ ಜನರ ಓಟು ಪಡೆದು ಎತ್ತುವ ಸಾಲದಲ್ಲಿ. ಅದಕ್ಕೆ ಶೇಕಡಾ 55 ಓಟು ಸಾಕು, ಆದರೆ ಅದನ್ನು ಕಟ್ಟಡಕ್ಕೆ ಬಿಟ್ಟು ಸಂಬಳಕ್ಕೆ ಮುಟ್ಟುವ ಹಾಗಿಲ್ಲ. ಸಂಬಳಕ್ಕೆ ಬೇಕಾದರೆ ಪಾರ್ಸೆಲ್ ತೆರಿಗೆಯನ್ನು, ಅಂದರೆ ಒಂದೊಂದು ಆಸ್ತಿಗೆ ಇಷ್ಟು ಅಂತ ಹಾಕುವ ತೆರಿಗೆಯನ್ನು, ಜನರ ಮುಂದೆ ಇಡಬೇಕು. ಅದಕ್ಕೆ ಮೂರರಲ್ಲಿ ಎರಡು ಪಾಲು ಓಟು ಬೇಕು. ಮಕ್ಕಳಿಲ್ಲದ ಮನೆಗಳೇ ಜಾಸ್ತಿ ಇರುವ ಬೀದಿಗಳಲ್ಲಿ ಅಷ್ಟು ಓಟು ತರುವುದು ಸುಲಭ ಅಲ್ಲ. ನಾನೇ ಒಮ್ಮೆ ಬಾಗಿಲು ಬಾಗಿಲಿಗೆ ಹೋಗಿದ್ದೇನೆ. “ನನ್ನ ಮಕ್ಕಳ ಮಕ್ಕಳೇ ಕಾಲೇಜಿಗೆ ಹೋದರಮ್ಮ” ಅನ್ನುವವರಿಗೆ ಏನು ಹೇಳುತ್ತೀರಿ?

ಹಾಗಾದರೆ ಖರ್ಚು ಕಡಿಮೆ ಮಾಡಬೇಕು. ಡಿಸ್ಟ್ರಿಕ್ಟ್ ಖರ್ಚಿನಲ್ಲಿ ಹತ್ತಕ್ಕೆ ಎಂಟು ಪಾಲು ಜನರ ಸಂಬಳ, ಆರೋಗ್ಯ ವಿಮೆ, ಪಿಂಚಣಿ. ಕಾಗದ, ಪೆನ್ಸಿಲ್ ಉಳಿಸಿದರೆ ಏನೂ ಆಗಲ್ಲ. ಮಾರ್ಚ್ 15 ಬಂತು ಅಂದರೆ ಟೀಚರ್‌ಗಳಿಗೆ ನಡುಕ, ಮುಂದಿನ ವರ್ಷ ಕೆಲಸ ಇರಲಿಕ್ಕಿಲ್ಲ ಅನ್ನುವ ನೋಟಿಸ್ ಕೊಡಲು ಅದೇ ಗಡುವು. 600 ಮಕ್ಕಳಿಗೆ ಕಟ್ಟಿದ ಶಾಲೆಯಲ್ಲಿ 280 ಮಕ್ಕಳಿದ್ದರೂ ಒಬ್ಬ ಪ್ರಿನ್ಸಿಪಾಲ್, ಒಂದು ಆಫೀಸು, ಒಂದು ಅಡುಗೆಮನೆ ಬೇಕೇ ಬೇಕು. ಅಂಥ ಎರಡು ಶಾಲೆ ಒಂದು ಮಾಡಿದರೆ ಉಳಿತಾಯ ಇದೆ. ಆದರೆ ಜನ ಅಂದುಕೊಂಡಷ್ಟಲ್ಲ. ಮಕ್ಕಳು ಹೋದ ಕಡೆ ಟೀಚರ್‌ಗಳೂ ಹೋಗಬೇಕಲ್ಲ. ಕೆಲವು ಸಂಸಾರ ಬೇಸರ ಪಟ್ಟು ಡಿಸ್ಟ್ರಿಕ್ಟನ್ನೇ ಬಿಟ್ಟು ಹೋದರೆ ಉಳಿಸಿದ್ದೂ ಹೋಯಿತು.

ಮುಚ್ಚಲ್ಲ ಅಂತ ಮಾತು ಕೊಟ್ಟು ಗೆಲ್ಲುವುದು ಸುಲಭ. ಗೆದ್ದ ಮೇಲಿನ ಕಥೆಗೆ ಓಕ್‌ಲ್ಯಾಂಡ್ ನೋಡಿ. 2022ರ ಫೆಬ್ರವರಿಯಲ್ಲಿ ಅಲ್ಲಿನ ಬೋರ್ಡ್ ಹಲವು ಶಾಲೆ ಮುಚ್ಚಲು ಓಟು ಹಾಕಿತು. ಶಾಲೆಯ ಇಬ್ಬರು ಸಿಬ್ಬಂದಿ ಉಪವಾಸ ಕೂತರು. ಮುಚ್ಚಿದ ಒಂದು ಶಾಲೆಯೊಳಗೆ ಪೋಷಕರು ಹೊಕ್ಕು ಕೂತರು. ನವೆಂಬರ್ ಎಲೆಕ್ಷನ್ ಆಗಿ, 2023ರ ಜನವರಿಯಲ್ಲಿ ಹೊಸ ಬೋರ್ಡ್ ಉಳಿದ ಐದು ಶಾಲೆಗಳ ಮುಚ್ಚುವಿಕೆಯನ್ನು ರದ್ದು ಮಾಡಿತು. ಖುಷಿಯೇ. ಆದರೆ ಬಜೆಟ್‌ನ ತೂತು ಹಾಗೇ ಉಳಿಯಿತು. ಅದೇ ಓಕ್‌ಲ್ಯಾಂಡ್ 2003ರಲ್ಲಿ ದಿವಾಳಿ ಅಂಚಿಗೆ ಬಂದು ರಾಜ್ಯದಿಂದ 10 ಕೋಟಿ ಡಾಲರ್ ಸಾಲ ತಂದಿತ್ತು. ಸಾಲ ಕೊಟ್ಟ ರಾಜ್ಯ ತನ್ನ ಆಡಳಿತಗಾರನನ್ನು ಕೂರಿಸಿತು. ಚುನಾಯಿತ ಬೋರ್ಡ್‌ಗೆ ಅಧಿಕಾರವೇ ಇಲ್ಲದೆ ವರ್ಷಗಳು ಕಳೆದವು. ಸಾಲ ತೀರೋಕೆ ಇಪ್ಪತ್ತು ವರ್ಷಕ್ಕೂ ಮೇಲೆ ಬೇಕಾಯಿತು. ನನಗೆ ಹೆದರಿಕೆ ಇರೋದು ಇದರದ್ದು. ನಾವು ನಿರ್ಧಾರ ಮಾಡದಿದ್ದರೆ, ಓಟು ಕೇಳೋಕೆ ಯಾವತ್ತೂ ನಮ್ಮ ಮನೆ ಬಾಗಿಲಿಗೆ ಬರಬೇಕಾಗಿಲ್ಲದ ಯಾರೋ ಮಾಡುತ್ತಾರೆ.

ಮುಚ್ಚಲೇಬೇಕಾದರೆ ಹೇಗೆ ಅನ್ನುವುದರ ಬಗ್ಗೆ ಮಾತ್ರ ನಾನು ಮಾತು ಕೊಡಬಲ್ಲೆ. ಒಂದೊಂದು ಶಾಲೆಯಿಂದ ಎಷ್ಟು ಉಳಿಯುತ್ತದೆ ಅನ್ನುವ ಲೆಕ್ಕ ಮೊದಲು ಹೊರಗೆ ಬರಬೇಕು, ಬಸ್ಸಿನ ಖರ್ಚು, ಬಿಟ್ಟು ಹೋಗುವ ಮಕ್ಕಳಿಂದ ಆಗುವ ನಷ್ಟ ಎಲ್ಲ ಕಳೆದು. ಮುಚ್ಚುವ ಮುಂಚೆ ಗಡಿ ಬದಲಿಸಿ ನೋಡಬೇಕು. ಒಂದು ಶಾಲೆ ತುಂಬಿ ತುಳುಕುತ್ತಾ, ಪಕ್ಕದ್ದು ಅರ್ಧ ಖಾಲಿ ಇರುವುದು ನಮ್ಮಲ್ಲೇ ಇದೆ. ಇದನ್ನು ಹೇಳಿದ ತಕ್ಷಣ ಕನ್ನಡದವರೇ ನನ್ನ ಮೇಲೆ ಸಿಟ್ಟಾಗುತ್ತಾರೆ. ಮನೆ ಕೊಳ್ಳುವಾಗ ದೇವರ ಮನೆಗೂ ಮುಂಚೆ ಶಾಲೆಯ ರೇಟಿಂಗ್ ನೋಡಿದ ಜನ ನಾವು, ನಾನೂ ಸೇರಿ. ಗೆರೆ ಆ ಕಡೆ ಹೋದರೆ ಮನೆ ಬೆಲೆ ಏನಾಗುತ್ತೋ ಅನ್ನುವ ಭಯ ನನಗೆ ಅರ್ಥವಾಗುತ್ತದೆ. ಆದರೆ ಗೆರೆಯೂ ಬದಲಾಗಬಾರದು, ಶಾಲೆಯೂ ಮುಚ್ಚಬಾರದು, ತೆರಿಗೆಯೂ ಬೇಡ ಅಂದರೆ ನಾನೇನು ಮಾಡಲಿ?

ಇನ್ನೊಂದು, ಮುಚ್ಚಿದ ಶಾಲೆಯ ಜಾಗ ಮಾರಬಾರದು. ಮಾರುವುದಕ್ಕೋ ಬಾಡಿಗೆಗೋ ಮುಂಚೆ ಊರವರ ಒಂದು ಸಮಿತಿ ಕೂರಿಸಬೇಕು ಅಂತ ಕಾನೂನಿದೆ. ಏಳರಿಂದ ಹನ್ನೊಂದು ಜನ, ಅದಕ್ಕೇ ಅದನ್ನು ಸೆವೆನ್-ಇಲೆವೆನ್ ಸಮಿತಿ ಅನ್ನುತ್ತಾರೆ, ಆ ಹೆಸರಿನ ಅಂಗಡಿಗೆ ಸಂಬಂಧ ಇಲ್ಲ. ಬಾಡಿಗೆಗೆ ಕೊಡೋಣ. ಇಪ್ಪತ್ತು ವರ್ಷದಲ್ಲಿ ಮಕ್ಕಳು ವಾಪಸ್ ಬಂದರೆ, ಬೇ ಏರಿಯಾದಲ್ಲಿ ಹತ್ತು ಎಕರೆ ಮತ್ತೆ ಎಲ್ಲಿಂದ ತರೋದು?

ಉಳಿದ ಪ್ರಶ್ನೆಗಳು ಚುಟುಕಾಗಿ. ಎಂಟನೇ ಕ್ಲಾಸಿನಲ್ಲಿ ಆಲ್ಜಿಬ್ರಾ (ಬೀಜಗಣಿತ) ಬೇಕಾ ಅಂತ ಕೇಳುತ್ತಾರೆ. ಬೇಕು, ತಯಾರಿರುವ ಮಕ್ಕಳಿಗೆ. ಸ್ಯಾನ್ ಫ್ರಾನ್ಸಿಸ್ಕೊ 2014ರಲ್ಲಿ ಅದನ್ನು ತೆಗೆದು, ಹತ್ತು ವರ್ಷ ಜಗಳ ಆಡಿ, ವಾಪಸ್ ತರುವ ದಾರಿ ಹಿಡಿಯಿತು. ಆ ಪಾಠ ನಾವು ಬಿಟ್ಟಿಯಾಗಿ ಕಲಿಯಬಹುದು. ಮೊಬೈಲ್ ಬಗ್ಗೆ ಚರ್ಚೆಯೇ ಬೇಕಿಲ್ಲ, 2026ರ ಜುಲೈ 1ರೊಳಗೆ ಎಲ್ಲ ಡಿಸ್ಟ್ರಿಕ್ಟ್‌ಗಳೂ ಶಾಲೆಯಲ್ಲಿ ಫೋನಿಗೆ ಕಡಿವಾಣ ಹಾಕಬೇಕು ಅಂತ ರಾಜ್ಯವೇ ಹೇಳಿದೆ. ಕನ್ನಡದ ಬಗ್ಗೆ ನನಗೆ ಸ್ವಾರ್ಥ ಇದೆ. ಹೈಸ್ಕೂಲ್ ಮುಗಿಸುವಾಗ ಎರಡು ಭಾಷೆ ಬಲ್ಲವರಿಗೆ ರಾಜ್ಯ ಸೀಲ್ ಆಫ್ ಬೈಲಿಟರಸಿ ಅನ್ನುವ ಮನ್ನಣೆ ಕೊಡುತ್ತದೆ. ಕನ್ನಡಕ್ಕೆ ಎಪಿ, ಅಂದರೆ ಹೈಸ್ಕೂಲಿನಲ್ಲೇ ಬರೆಯುವ ಕಾಲೇಜು ಮಟ್ಟದ ಪರೀಕ್ಷೆ, ಇಲ್ಲ. ಹಾಗಾಗಿ ಬೇರೆ ಪರೀಕ್ಷೆಯನ್ನು ಡಿಸ್ಟ್ರಿಕ್ಟ್ ಒಪ್ಪಬೇಕು. ಒಪ್ಪಿಸುತ್ತೇನೆ. ಇದಕ್ಕೆ ದೊಡ್ಡ ಖರ್ಚಿಲ್ಲ.

ಕಳೆದ ವರ್ಷ ಬೋರ್ಡ್ ಮೀಟಿಂಗ್ ಒಂದಕ್ಕೆ ಹೋಗಿದ್ದೆ. ಮಾತಾಡಲು ತಲೆಗೆ ಒಂದೇ ನಿಮಿಷ, ನಮ್ಮ ಸರದಿ ಬರುವಾಗ ರಾತ್ರಿ ಹತ್ತೂವರೆ. ನನ್ನ ಮುಂದೆ ಒಬ್ಬ ಅಜ್ಜಿ, ಸ್ವೆಟರ್ ಮೇಲೆ ಸೀರೆ ಸೆರಗು ಹೊದ್ದು ನಿಂತಿದ್ದರು. ಹಾಸನದವರು. ಆರು ತಿಂಗಳಿಗೆ ಮಗನ ಮನೆಗೆ ಬಂದಿದ್ದರು. ಅವರು ಕನ್ನಡದಲ್ಲಿ ಹೇಳಿದರು, ಮಗ ಇಂಗ್ಲಿಷಿಗೆ ತಿರುಗಿಸಿದ. ಅವರು ಬೆಲೆ, ರೇಟಿಂಗ್ ಏನೂ ಎತ್ತಲಿಲ್ಲ. “ನಾನು ಮೊಮ್ಮಗನ್ನ ನಡೆಸಿಕೊಂಡು ಹೋಗಿ ಬಿಡ್ತೀನಿ. ನನಗೆ ಕಾರು ಬರಲ್ಲ. ದೊಡ್ಡ ರಸ್ತೆ ದಾಟೋದು ಹೇಗೆ?” ಮಾತು ಅರ್ಧದಲ್ಲಿರುವಾಗಲೇ ಸಮಯ ಮುಗಿದ ಗಂಟೆ ಬಾರಿಸಿತು.

ಮರುದಿನ ನಾನು ಆ ದಾರಿ ನಡೆದು ನೋಡಿದೆ. ಈಗಿನ ಶಾಲೆಗೆ ಒಂಬತ್ತು ನಿಮಿಷ. ಸೇರಿಸಬೇಕು ಅಂತಿರುವ ಶಾಲೆಗೆ ಇಪ್ಪತ್ತಾರು, ನಡುವೆ ಆರು ಲೇನಿನ ರಸ್ತೆ. ಸಿಗ್ನಲ್ ಹಸಿರಾಗಿ ನಾನು ಮುಕ್ಕಾಲು ದಾಟುವಷ್ಟರಲ್ಲಿ ಎಣಿಕೆ ಮುಗಿಯಿತು. ನನಗೆ ನಲವತ್ತೆರಡು, ಅವರಿಗೆ ಎಪ್ಪತ್ತರ ಮೇಲೆ. ಅಲ್ಲಿ ಒಬ್ಬ ಕ್ರಾಸಿಂಗ್ ಗಾರ್ಡ್ ಬೇಕು. ನಮ್ಮಲ್ಲಿ ಗಾರ್ಡ್ ಸಂಬಳ ಕೊಡುವುದು ಡಿಸ್ಟ್ರಿಕ್ಟ್ ಅಲ್ಲ, ಸಿಟಿ. ಹಾಗಾಗಿ ಮಂಗಳವಾರ ಸಂಜೆ ಏಳಕ್ಕೆ ಸಿಟಿ ಕೌನ್ಸಿಲ್‌ಗೆ ಹೋಗುತ್ತಿದ್ದೇನೆ. ಅಲ್ಲಿ ಎರಡು ನಿಮಿಷ ಕೊಡುತ್ತಾರಂತೆ.