ರೋಗನಿರೋಧಕ ಶಕ್ತಿಗೆ ಒಂದು ಪಂಚಾಂಗ

ಉಣುಗು (ಉಣ್ಣೆ) ಕಚ್ಚುವುದರಿಂದ ಹರಡುವ ವೈರಸ್ ಜ್ವರ ಮಂಗನ ಕಾಯಿಲೆ. ಅದರ ಬಗ್ಗೆ ಹಳ್ಳಿಗಳಿಗೆ ಬೇಕಾದ ಕರಪತ್ರ, ಗೋಡೆಚಿತ್ರ ಮತ್ತು ಸಭೆಯ ಟಿಪ್ಪಣಿಗಳನ್ನು ಶಿವಮೊಗ್ಗದಲ್ಲಿ ಕುಳಿತು ಸಿದ್ಧಮಾಡುವುದು ನನ್ನ ಕೆಲಸ. ವೈರಾಣು ತಜ್ಞರು ಬರೆದದ್ದನ್ನು ಓದಿ, ಆಶಾ ಕಾರ್ಯಕರ್ತೆಯರು ಮನೆಮನೆಗೆ ಒಯ್ಯಬಹುದಾದ ರೂಪಕ್ಕೆ ತರಬೇಕು. ಸಾಗರ, ಹೊಸನಗರ, ತೀರ್ಥಹಳ್ಳಿ, ಸೊರಬದ ಕಡೆಯ ಸಭೆಗಳಿಗೂ ಹೋಗುತ್ತೇನೆ. ಈ ಕೆಲಸಕ್ಕೆ ಹೊಸದಾಗಿ ಸೇರಿದವರು ಮೊದಲು ಕೇಳುವುದು ಒಂದೇ ಪ್ರಶ್ನೆ: ರೋಗನಿರೋಧಕ ವ್ಯವಸ್ಥೆಯನ್ನು ಎಷ್ಟು ಸರಳ ಮಾಡಿ ಹೇಳಬೇಕು? ಎಷ್ಟು ಸರಳ ಎಂಬುದು ಆಮೇಲಿನ ಮಾತು, ಮೊದಲು ತಾರೀಕುಗಳನ್ನು ಹುಡುಕಿ ಎನ್ನುತ್ತೇನೆ.

ನಮ್ಮ ಕಸುಬಿನಲ್ಲಿ ಎಲ್ಲರ ಕೈಗೂ ಸುಲಭವಾಗಿ ಸಿಗುವ ಚಿತ್ರವೆಂದರೆ ಕೋಟೆ ಮತ್ತು ಸೈನಿಕರದು. ದೇಹವೇ ಕೋಟೆ, ವೈರಸ್ ಶತ್ರು, ಬಿಳಿ ರಕ್ತಕಣ ಕತ್ತಿ ಹಿಡಿದ ಯೋಧ. ಶಾಲೆಯ ಗೋಡೆಯ ಮೇಲೆ ಅದು ಚೆನ್ನಾಗಿಯೇ ಕಾಣುತ್ತದೆ. ಅದನ್ನು ನೋಡಿದವರಿಗೆ ಯುದ್ಧ ನಡೆಯುತ್ತಿದೆ ಎಂದು ತಿಳಿಯುತ್ತದೆಯೇ ಹೊರತು, ಲಸಿಕೆಯ ಎರಡನೆಯ ಚುಚ್ಚುಮದ್ದಿಗೆ ಒಂದು ತಿಂಗಳು ಏಕೆ ಕಾಯಬೇಕಿತ್ತು, ಜ್ವರ ಬಂದ ಎರಡನೆಯ ದಿನ ಒಂದು ಪರೀಕ್ಷೆಯನ್ನೂ ಏಳನೆಯ ದಿನ ಇನ್ನೊಂದನ್ನೂ ಏಕೆ ಮಾಡುತ್ತಾರೆ ಎಂದು ತಿಳಿಯುವುದಿಲ್ಲ. ಹಳ್ಳಿಯ ಸಭೆಯಲ್ಲಿ ಬರುವ ಪ್ರಶ್ನೆಗಳೆಲ್ಲ ಇಂಥವೇ. ಸೊಪ್ಪು, ತರಗೆಲೆ ತರುವ ಸೊಪ್ಪಿನಬೆಟ್ಟಕ್ಕೆ ಯಾವಾಗಿನಿಂದ ಹೋಗಬಾರದು? ಉಣುಗು ಕಚ್ಚಿದ ಮೇಲೆ ಎಷ್ಟು ದಿನ ಹೆದರಬೇಕು? ಜ್ವರ ಬಿಟ್ಟಿತು, ತೋಟಕ್ಕೆ ಇಳಿಯಬಹುದೇ? ಮಲೆನಾಡಿನವರು ಮಳೆ, ಕೊಯ್ಲು, ಹಬ್ಬಗಳ ಲೆಕ್ಕದಲ್ಲಿ ಬದುಕುವವರು. ರೋಗನಿರೋಧಕ ವಿಜ್ಞಾನವೂ ಮುಕ್ಕಾಲು ಪಾಲು ಕಾಲದ ಲೆಕ್ಕವೇ ಆಗಿರುವುದರಿಂದ ಇಬ್ಬರಿಗೂ ಹೊಂದಿಕೆಯಾಗುತ್ತದೆ.

ಹಾಗಾಗಿ ನಾವು ಕರಪತ್ರ ಬಿಟ್ಟು ಪಂಚಾಂಗ ಮಾಡಿದೆವು. ಭೂಮಿ ಹುಣ್ಣಿಮೆ, ದೀಪಾವಳಿ, ಎಳ್ಳಮಾವಾಸ್ಯೆ, ಶಿವರಾತ್ರಿ, ಯುಗಾದಿ ಮೇಲಿನ ಸಾಲಿನಲ್ಲಿ. ಅವುಗಳ ಕೆಳಗೆ ಉಣುಗಿನ ಬದುಕು. ಈ ವೈರಸ್ಸನ್ನು ಮುಖ್ಯವಾಗಿ ಹೊರುವ ಉಣುಗಿನ ಹೆಸರು ಹೀಮಾಫೈಸಾಲಿಸ್ ಸ್ಪಿನಿಜೆರಾ. ಅದರ ದೊಡ್ಡ ಉಣುಗುಗಳು ಮಳೆಗಾಲದಲ್ಲಿ ದನಕರುಗಳ ಮೈಮೇಲೆ ಇರುತ್ತವೆ. ಮಳೆ ಕಳೆದ ಮೇಲೆ ಮೊಟ್ಟೆಯೊಡೆದ ಮರಿಗಳು ಇಲಿ, ಹಕ್ಕಿ, ಮಂಗಗಳ ರಕ್ತ ಕುಡಿಯುತ್ತವೆ. ಆ ಪ್ರಾಣಿಯಲ್ಲಿ ವೈರಸ್ ಇದ್ದರೆ ಮರಿಗೆ ಅಂಟಿ, ಅದು ಪೊರೆ ಕಳಚಿ ಮುಂದಿನ ಹಂತಕ್ಕೆ ಹೋದ ಮೇಲೂ ಅದರೊಳಗೇ ಉಳಿಯುತ್ತದೆ. ನಿಂಫ್ ಎಂದು ಕರೆಯುವ ಆ ಮುಂದಿನ ಹಂತವೇ ಮನುಷ್ಯರನ್ನು ಹೆಚ್ಚಾಗಿ ಕಚ್ಚುವುದು. ಅದರ ಕಾಲ ನವೆಂಬರ್‌ನಿಂದ ಮೇ ತಿಂಗಳವರೆಗೆ. ಅಡಿಕೆ ಕೊಯ್ಲು, ಕೊಟ್ಟಿಗೆಗೆ ತರಗೆಲೆ ತರುವುದು, ಸೌದೆ ಒಟ್ಟುವುದು ಎಲ್ಲವೂ ಇದೇ ತಿಂಗಳುಗಳಲ್ಲಿ. ಈ ಎರಡು ಸಾಲುಗಳನ್ನು ಒಂದರ ಕೆಳಗೊಂದು ಮುದ್ರಿಸಿದರೆ ಸಾಕು, ಭಾಷಣದ ಅರ್ಧ ಭಾಗವೇ ಬೇಕಾಗುವುದಿಲ್ಲ. ಮಂಗ ಸತ್ತದ್ದು ಕಂಡರೆ ಕೂಡಲೇ ತಿಳಿಸಿ ಎನ್ನುವುದರ ಅರ್ಥವೂ ಆಗ ಸ್ಪಷ್ಟವಾಗುತ್ತದೆ. ಮುಸುವವೋ ಕೆಂಪು ಮಂಗವೋ ಸತ್ತು ಬಿದ್ದರೆ ಅದರ ಮೈಮೇಲಿದ್ದ ಉಣುಗುಗಳು ಅಲ್ಲೇ ಉದುರುತ್ತವೆ. ಸುತ್ತಲ 50 ಮೀಟರಿನಲ್ಲಿ ಕೀಟನಾಶಕ ಹಾಕುವುದು ಅದಕ್ಕೇ. ಪಾಪ, ಮಂಗವೂ ಈ ಕಾಯಿಲೆಗೆ ನಮ್ಮಷ್ಟೇ ಬಲಿಪಶು. ಹೆಸರು ಮಾತ್ರ ಅದರ ತಲೆಗೆ ಬಂದಿದೆ.

ಇನ್ನು ದೇಹದ ಒಳಗಿನ ಲೆಕ್ಕ. ಇಲ್ಲಿ ತಜ್ಞರೊಂದಿಗೆ ನನಗೆ ಒಂದು ಚಿಕ್ಕ ಜಗಳ ಇದ್ದೇ ಇದೆ. ಕರಡನ್ನು ಪರಿಶೀಲಿಸಲು ಕಳುಹಿಸಿದರೆ ಬಿ ಕೋಶ, ಟಿ ಕೋಶ, ಮ್ಯಾಕ್ರೊಫೇಜ್, ಸೈಟೊಕೈನ್ ಎಲ್ಲವನ್ನೂ ಸೇರಿಸಿ ಹಿಂದಿರುಗಿಸುತ್ತಾರೆ. ಅವರು ಸೇರಿಸಿದ್ದು ಯಾವುದೂ ಸುಳ್ಳಲ್ಲ. ಆದರೆ ನಾನು ಪ್ರತಿಯೊಂದು ಪದವನ್ನೂ ಒಂದೇ ಪ್ರಶ್ನೆಯಿಂದ ಅಳೆಯುತ್ತೇನೆ: ಇದು ಓದುಗರ ಪಂಚಾಂಗದಲ್ಲಿ ಯಾವುದಾದರೂ ತಾರೀಕನ್ನು ಬದಲಿಸುತ್ತದೆಯೇ? ಸೈಟೊಕೈನ್ ಬದಲಿಸುವುದಿಲ್ಲ, ಆದ್ದರಿಂದ ಹೊರಗೆ. ಐಜಿಎಂ ಪ್ರತಿಕಾಯ, ಅಂದರೆ ಸೋಂಕು ತಗುಲಿದಾಗ ದೇಹ ಮೊದಲು ತಯಾರಿಸುವ ರಕ್ಷಕ ಪ್ರೋಟೀನು, ಬದಲಿಸುತ್ತದೆ, ಆದ್ದರಿಂದ ಒಳಗೆ. ನೆನಪಿನ ಕೋಶವಂತೂ ಬೇಕೇ ಬೇಕು. ಕಷ್ಟದ ಪದ ಎಂಬ ಕಾರಣಕ್ಕೆ ನಾನು ಯಾವುದನ್ನೂ ತೆಗೆಯುವುದಿಲ್ಲ. ಬೋರ್ಡೋ (ಅಡಿಕೆಗೆ ಹೊಡೆಯುವ ಮದ್ದು), ಪೊಟ್ಯಾಶ್, ಸೂಕ್ಷ್ಮ ಪೋಷಕಾಂಶ ಎಂದು ದಿನವೂ ಮಾತನಾಡುವ ಬೆಳೆಗಾರರಿಗೆ ಐಜಿಎಂ ಎಂಬ ಮೂರಕ್ಷರ ಭಾರವಾಗುವುದಿಲ್ಲ.

ಬೋರ್ಡೋ ಎಂದದ್ದು ಸುಮ್ಮನೆ ಅಲ್ಲ. ಮೊದಲ ಲಸಿಕೆಗೂ ಎರಡನೆಯದಕ್ಕೂ ನಡುವೆ ಅಂತರ ಏಕೆ, ಕಾಯಿಲೆ ಕಾಣುವ ಮೊದಲೇ ಏಕೆ ಎಂಬುದನ್ನು ಹೇಳಲು ನನಗೆ ಸಿಕ್ಕ ಒಳ್ಳೆಯ ದಾರಿ ಅಡಿಕೆಯ ಕೊಳೆರೋಗ. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್ 1910ರ ಹೊತ್ತಿಗೇ ಕೊಳೆರೋಗವನ್ನು ಅಧ್ಯಯನ ಮಾಡಿ ಬೋರ್ಡೋ ದ್ರಾವಣವನ್ನು ಬೆಳೆಗಾರರ ನಡುವೆ ತಂದರು. ಮಳೆ ಹಿಡಿಯುವ ಮೊದಲು ಒಂದು ಸಲ, 40ರಿಂದ 45 ದಿನ ಬಿಟ್ಟು ಇನ್ನೊಂದು ಸಲ ಮದ್ದು ಹೊಡೆಯಬೇಕು. ಕಾಯಿ ಉದುರತೊಡಗಿದ ಮೇಲೆ ಹೊಡೆದರೆ ಏನು ಪ್ರಯೋಜನ ಎಂದು ಮರ ಹತ್ತುವ ಯಾವ ಕೊನೆಗಾರನನ್ನು ಕೇಳಿದರೂ ನಗುತ್ತಾನೆ. 2022ರವರೆಗೆ ಬಳಕೆಯಲ್ಲಿದ್ದ ಮಂಗನ ಕಾಯಿಲೆಯ ಹಳೆಯ ಲಸಿಕೆಯನ್ನು ಆಟಿ ಮಳೆಯಲ್ಲಿ, ಒಂದು ಉಣುಗೂ ಕಚ್ಚದ ಕಾಲದಲ್ಲಿ ಏಕೆ ಹಾಕುತ್ತಿದ್ದರು ಎಂಬ ಪ್ರಶ್ನೆ ಅಲ್ಲಿಗೆ ಮುಗಿಯುತ್ತದೆ.

ಆದರೆ ಹೋಲಿಕೆಯನ್ನು ಅಲ್ಲಿಗೇ ಬಿಟ್ಟರೆ ಅಪಾಯ. ಬೋರ್ಡೋ ಕಾಯಿಯ ಹೊರಗೆ ಅಂಟಿ ಕುಳಿತುಕೊಳ್ಳುತ್ತದೆ, ಮಳೆ ತೊಳೆದಷ್ಟೂ ಹೋಗುತ್ತದೆ. ಲಸಿಕೆ ಹಾಗಲ್ಲ. ಅದರಲ್ಲಿರುವ ಸತ್ತ ವೈರಸ್ ಕೆಲವೇ ದಿನಗಳಲ್ಲಿ ಇಲ್ಲವಾಗುತ್ತದೆ, ಉಳಿಯುವುದು ದೇಹದ ಪ್ರತಿಕ್ರಿಯೆ. ಮೊದಲ ಚುಚ್ಚುಮದ್ದಿನ ಬಳಿಕ ಪ್ರತಿಕಾಯ ತಯಾರಾಗಲು ಒಂದೆರಡು ವಾರ ಬೇಕು, ತಯಾರಾದದ್ದೂ ತೆಳುವಾಗಿರುತ್ತದೆ. ಆಮೇಲಿನ ವಾರಗಳಲ್ಲಿ ದುಗ್ಧಗ್ರಂಥಿಗಳೊಳಗೆ ಒಂದು ಆಯ್ಕೆ ನಡೆಯುತ್ತದೆ. ವೈರಸ್ಸನ್ನು ಬಿಗಿಯಾಗಿ ಹಿಡಿಯಬಲ್ಲ ಕೋಶಗಳು ಉಳಿಯುತ್ತವೆ, ಉಳಿದವು ಸಾಯುತ್ತವೆ. ಉಳಿದವುಗಳಲ್ಲಿ ಕೆಲವು ನೆನಪಿನ ಕೋಶಗಳಾಗುತ್ತವೆ. ಎರಡನೆಯ ಚುಚ್ಚುಮದ್ದು ಎಬ್ಬಿಸುವುದು ಈ ಆರಿಸಿದ ಕೋಶಗಳನ್ನು. ಅವಸರ ಮಾಡಿದರೆ ಆಯ್ಕೆ ಇನ್ನೂ ಮುಗಿದಿರುವುದಿಲ್ಲ. ಫಾರ್ಮಾಲಿನ್‌ನಲ್ಲಿ ಕೊಂದ ವೈರಸ್ ದೇಹದೊಳಗೆ ಬೆಳೆಯಲಾರದ್ದರಿಂದ ಇಡೀ ಪ್ರತಿಕ್ರಿಯೆಯೇ ಸ್ವಲ್ಪ ಸಣ್ಣದು, ಹಾಗಾಗಿ ಹಳೆಯ ಲಸಿಕೆಗೆ ಮತ್ತೆ ಮತ್ತೆ ವರ್ಧಕ ಡೋಸ್ ಬೇಕಾಗುತ್ತಿತ್ತು. ಎರಡು ಡೋಸ್ ಮುಗಿದ 6ರಿಂದ 9 ತಿಂಗಳಿಗೆ ಒಂದು, ಆಮೇಲೆ ವರ್ಷಕ್ಕೊಂದು. ನೋವಿನ ಚುಚ್ಚುಮದ್ದು ಬೇರೆ. ಜನ ಎರಡನೆಯದಕ್ಕೇ ಬರುತ್ತಿರಲಿಲ್ಲ ಎಂದರೆ ನನಗೆ ಆಶ್ಚರ್ಯವಿಲ್ಲ.

ಶೇಕಡಾವಾರು ಸಂಖ್ಯೆ ಎಲ್ಲಕ್ಕಿಂತ ಕಠಿಣ. 2005ರಿಂದ 2010ರವರೆಗಿನ ಮಾಹಿತಿಯನ್ನು ವಿಶ್ಲೇಷಿಸಿದಾಗ ಹಳೆಯ ಲಸಿಕೆಯ ಎರಡು ಡೋಸ್‌ಗಳ ಪರಿಣಾಮ ಶೇ. 62.4, ವರ್ಧಕವೂ ಸೇರಿದರೆ ಶೇ. 82.9 ಎಂದು ಕಂಡುಬಂತು. ಸಭೆಯಲ್ಲಿ ಇದನ್ನು ಹೀಗೆಯೇ ಓದಿದರೆ, ನೂರರಲ್ಲಿ 38 ಜನಕ್ಕೆ ಲಸಿಕೆ ಹಾಕಿಸಿಕೊಂಡರೂ ಕಾಯಿಲೆ ಬರುತ್ತದೆ ಎಂದೇ ಎಲ್ಲರೂ ತಿಳಿಯುತ್ತಾರೆ. ಪತ್ರಿಕೆಗಳಲ್ಲೂ ಎಷ್ಟೋ ಸಲ ಹಾಗೆಯೇ ಬರುತ್ತದೆ. ನಾನು ಕರಿಹಲಗೆಯ ಮೇಲೆ ಎರಡು ಊರು ಬರೆಯುತ್ತೇನೆ. ಎರಡರಲ್ಲೂ ಸಾವಿರ ಜನ ಎಂದುಕೊಳ್ಳಿ. ಲಸಿಕೆ ಇಲ್ಲದ ಊರಿನಲ್ಲಿ ಒಂದು ಹಂಗಾಮಿಗೆ ಹತ್ತು ಜನಕ್ಕೆ ಕಾಯಿಲೆ ಬಂದರೆ, ಎರಡು ಡೋಸ್ ಪಡೆದ ಊರಿನಲ್ಲಿ ಸುಮಾರು ನಾಲ್ವರಿಗೆ ಬರುತ್ತದೆ. ವರ್ಧಕವನ್ನೂ ಪಡೆದಿದ್ದರೆ ಇಬ್ಬರಿಗೆ. ಇದಾದ ಕೂಡಲೇ ಬರುವ ಪ್ರಶ್ನೆ, ಆ ಇಬ್ಬರು ಯಾರು? ಮುಂಚಿತವಾಗಿ ಹೇಳಲಾಗುವುದಿಲ್ಲ ಎಂದು ನೇರವಾಗಿಯೇ ಹೇಳುತ್ತೇನೆ. ಅದನ್ನು ಮರೆಮಾಚಿದರೆ, ಲಸಿಕೆ ಹಾಕಿಸಿಕೊಂಡ ಒಬ್ಬರಿಗೆ ಜ್ವರ ಬಂದ ದಿನ ಇಡೀ ಊರು ನಮ್ಮ ಮಾತು ಕೇಳುವುದನ್ನು ಬಿಡುತ್ತದೆ.

ಪರೀಕ್ಷೆಯ ವಿಷಯದಲ್ಲೂ ಗೊಂದಲವೆಲ್ಲ ದಿನಗಳದೇ. ಕಚ್ಚಿದ 3ರಿಂದ 8 ದಿನಗಳಲ್ಲಿ ಇದ್ದಕ್ಕಿದ್ದಂತೆ ಜೋರು ಜ್ವರ, ತಲೆನೋವು, ಮೈಕೈ ನೋವು. ಮೊದಲ ದಿನಗಳಲ್ಲಿ ರಕ್ತದಲ್ಲಿ ವೈರಸ್ಸೇ ಇರುತ್ತದೆ, ಅದನ್ನು ಹುಡುಕುವುದು ಆರ್‌ಟಿ-ಪಿಸಿಆರ್. ಐಜಿಎಂ ಪ್ರತಿಕಾಯ ಅಳೆಯುವಷ್ಟು ಹೆಚ್ಚಲು ಸುಮಾರು ಐದು ದಿನ ಬೇಕು, ಅದನ್ನು ಹುಡುಕುವುದು ಎಲೈಸಾ. ಹಾಗಾಗಿ ಎರಡನೆಯ ದಿನ ಪ್ರತಿಕಾಯದ ಪರೀಕ್ಷೆ ಮಾಡಿದರೆ ಇಲ್ಲ ಎಂದೇ ಬರಬಹುದು, ಎಂಟನೆಯ ದಿನ ಇದೆ ಎಂದು ಬರಬಹುದು. "ಲ್ಯಾಬಿನವರು ದಿನಕ್ಕೊಂದು ಹೇಳುತ್ತಾರೆ" ಎಂಬ ದೂರಿಗೆ ಇದಕ್ಕಿಂತ ಉದ್ದದ ಉತ್ತರ ಬೇಕಿಲ್ಲ. ಜ್ವರ ಶುರುವಾದ ದಿನವನ್ನು ಮನೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಿ ಎಂದು ಈಗ ಆಶಾ ಕಾರ್ಯಕರ್ತೆಯರೇ ಹೇಳುತ್ತಾರೆ. ವೈದ್ಯರು ಮೊದಲು ಕೇಳುವುದೂ ಅದನ್ನೇ.

ಆ ಗುರುತಿಗೆ ಇನ್ನೊಂದು ಉಪಯೋಗವಿದೆ. ಹೆಚ್ಚಿನವರು ಒಂದೆರಡು ವಾರಗಳಲ್ಲಿ ಸುಧಾರಿಸಿಕೊಳ್ಳುತ್ತಾರೆ. ಆದರೆ ನೂರರಲ್ಲಿ 10ರಿಂದ 20 ಮಂದಿಗೆ, ಜ್ವರ ಬಿಟ್ಟು ಒಂದೆರಡು ವಾರ ಆರಾಮವಾಗಿದ್ದ ಮೇಲೆ, ಮೂರನೆಯ ವಾರದ ಹೊತ್ತಿಗೆ ಅದು ಮರಳುತ್ತದೆ. ಈ ಸಲ ವಿಪರೀತ ತಲೆನೋವು, ನಡುಕ, ಕಣ್ಣು ಮಂಜಾಗುವುದು. ನಡುವಿನ ಆ ಆರಾಮದ ದಿನಗಳಲ್ಲೇ ಜನ ಕೊಯ್ಲಿಗೆ ಇಳಿಯುತ್ತಾರೆ, ಎರಡನೆಯ ಜ್ವರವನ್ನು ಬಿಸಿಲಿನ ಜ್ವರ ಎಂದು ತಳ್ಳಿಹಾಕುತ್ತಾರೆ. ಕಾಯಿಲೆ ಬಂದವರಲ್ಲಿ ನೂರಕ್ಕೆ 3ರಿಂದ 5 ಮಂದಿ ಸಾಯುತ್ತಾರೆ ಎಂಬುದನ್ನು ಗಮನಿಸಿದರೆ ಪಂಚಾಂಗದ ಈ ಮನೆಯೇ ಅತಿ ಮುಖ್ಯ. ಅದನ್ನು ಕೆಂಪು ಶಾಯಿಯಲ್ಲಿ ಮುದ್ರಿಸಿದ್ದೇವೆ. ಮನುಷ್ಯರಿಂದ ಮನುಷ್ಯರಿಗೆ ಇದು ಹರಡುವುದಿಲ್ಲ ಎಂಬುದು ಅದರ ಪಕ್ಕದಲ್ಲೇ ಇದೆ. ಕೋವಿಡ್ ಕಂಡ ಮೇಲೆ ರೋಗಿಯನ್ನು ಜಗುಲಿಯ ಮೂಲೆಗೆ ಹಾಕುವ ಅಭ್ಯಾಸ ಕೆಲವೆಡೆ ಉಳಿದುಬಿಟ್ಟಿದೆ.

ಸಭೆಗಳಲ್ಲಿ ಒಬ್ಬ ಹಿರಿಯರಾದರೂ ಎದ್ದುನಿಂತು, ಇದು ಪರದೇಶದವರು ತಂದುಬಿಟ್ಟ ಕಾಯಿಲೆ ಎಂದು ಹೇಳಿಯೇ ಹೇಳುತ್ತಾರೆ. ಅವರನ್ನು ಗದರಿಸಿ ಕೂರಿಸುವ ಸಹೋದ್ಯೋಗಿಗಳನ್ನು ನೋಡಿದ್ದೇನೆ, ನನಗೆ ಅದು ಹಿಡಿಸುವುದಿಲ್ಲ. ನಡೆದ ಕತೆಯೇ ಗಾಳಿಮಾತಿಗಿಂತ ಸ್ವಾರಸ್ಯವಾಗಿದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದವು, ಸುತ್ತಲ ಹಳ್ಳಿಗಳ ಜನ ಜ್ವರದಿಂದ ಮಲಗಿದರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದಿಂದ ಟೆಲ್ಫರ್ಡ್ ವರ್ಕ್ ಮತ್ತು ಅವರ ಸಂಗಡಿಗರು ಓಡಿಬಂದರು. ಅವರ ಮೊದಲ ಭಯ ಹಳದಿ ಜ್ವರದ್ದು. ದಕ್ಷಿಣ ಅಮೆರಿಕದ ಕಾಡುಗಳಲ್ಲಿ ಮಂಗಗಳನ್ನೂ ಮನುಷ್ಯರನ್ನೂ ಕೊಲ್ಲುವ ಆ ಕಾಯಿಲೆ ಭಾರತಕ್ಕೆ ಕಾಲಿಟ್ಟಿತೇ ಎಂಬ ಆತಂಕ. ಪ್ರಯೋಗಾಲಯದಲ್ಲಿ ಸಿಕ್ಕ ವೈರಸ್ ಮಾತ್ರ ರಷ್ಯಾದ ಕಾಡುಗಳಲ್ಲಿ ಉಣುಗಿನಿಂದ ಹರಡುವ ಮಿದುಳು ಜ್ವರದ ದಾಯಾದಿ. ಅಷ್ಟು ದೂರದ ನೆಂಟಸ್ತಿಕೆ ಹೇಗೆ? ವಲಸೆ ಹಕ್ಕಿಗಳ ಮೈಮೇಲಿನ ಉಣುಗುಗಳಿಂದ ಬಂದಿರಬಹುದೇ ಎಂಬ ಅನುಮಾನವೂ ಹುಟ್ಟಿತು. ಸಲೀಂ ಅಲಿ ಅವರ ಮುಂದಾಳತ್ವದಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ ಹಕ್ಕಿಗಳ ಕಾಲಿಗೆ ಉಂಗುರ ತೊಡಿಸಿ ಅವುಗಳ ಹಾದಿ ಹುಡುಕಿದ್ದರ ಹಿಂದೆ ಈ ಅನುಮಾನದ ಪಾಲೂ ಇತ್ತು. ವಿಜ್ಞಾನಿಗಳು ಊಹೆ ಮಾಡಿ, ಪರೀಕ್ಷಿಸಿ, ಊಹೆಯನ್ನು ಕೈಬಿಟ್ಟದ್ದನ್ನು ಹೇಳಿದರೆ ಜನರ ನಂಬಿಕೆ ಕುಗ್ಗುತ್ತದೆ ಎಂಬ ಭಯ ಕಚೇರಿಗಳಲ್ಲಿದೆ. ನಾನು ಕಂಡದ್ದು ಅದಕ್ಕೆ ವಿರುದ್ಧ. ಸೊರಬದ ಕಡೆ ಈ ಕತೆ ಹೇಳಿದಾಗ ಹಿಂದಿನ ಸಾಲಿನವರೂ ಮುಂದೆ ಬಂದು ಕೂರುತ್ತಾರೆ.

ಈಗ ಎಲ್ಲೆಡೆ ಕೇಳಿಬರುವುದು ಹೊಸ ಲಸಿಕೆಯ ಪ್ರಶ್ನೆ. ಹಳೆಯದರ ಬಳಕೆ 2022ರಲ್ಲಿ ನಿಂತಿತು. ಹೊಸದನ್ನು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಹೈದರಾಬಾದಿನ ಇಂಡಿಯನ್ ಇಮ್ಯುನೊಲಾಜಿಕಲ್ಸ್ ಸೇರಿ ರೂಪಿಸುತ್ತಿವೆ. ಈ ದೀಪಾವಳಿಗೆ ಸಿಗುತ್ತದೆಯೇ ಎಂದು ಕೇಳುವವರಿಗೆ ಪ್ರಯೋಗದ ಹಂತಗಳನ್ನೂ ಕಾಲದ ಲೆಕ್ಕದಲ್ಲೇ ಹೇಳುತ್ತೇನೆ. ಮೊದಲ ಹಂತದಲ್ಲಿ ಕೆಲವೇ ಆರೋಗ್ಯವಂತ ವಯಸ್ಕರಿಗೆ ಕೊಟ್ಟು, ಅದು ಸುರಕ್ಷಿತವೇ ಎಂದು ನೋಡುತ್ತಾರೆ. ಮುಂದಿನದರಲ್ಲಿ ಎಷ್ಟು ಡೋಸ್, ಎಷ್ಟು ಅಂತರ, ಎಷ್ಟು ಪ್ರತಿಕಾಯ ಎಂಬುದನ್ನು ನೋಡುತ್ತಾರೆ. ಕಾಯಿಲೆಯನ್ನು ನಿಜವಾಗಿ ತಡೆಯುತ್ತದೆಯೇ ಎಂದು ತಿಳಿಯಲು ಕಾಡಂಚಿನ ಊರುಗಳಲ್ಲಿ ಕಾಯಿಲೆ ಇರುವ ಹಂಗಾಮನ್ನೇ ದಾಟಬೇಕು. ಮಂಗನ ಕಾಯಿಲೆ ಒಂದು ವರ್ಷ ಒಂದು ತಾಲ್ಲೂಕಿನಲ್ಲಿ ಕಾಣಿಸಿಕೊಂಡರೆ ಮರುವರ್ಷ ಇನ್ನೊಂದರಲ್ಲಿ. ಸಾಗರ ತಾಲ್ಲೂಕಿನ ಅರಳಗೋಡಿನ ಸುತ್ತ 2018-19ರ ಹಂಗಾಮಿನಲ್ಲಿ ಕಂಡಷ್ಟು ಪ್ರಕರಣಗಳು ಎಲ್ಲ ವರ್ಷ ಬರುವುದಿಲ್ಲ, ಬರಬಾರದು ಕೂಡ. ಪ್ರಕರಣ ಕಡಿಮೆ ಇದ್ದಾಗ ಲಸಿಕೆ ತಡೆಯಿತೋ ಕಾಯಿಲೆಯೇ ಬರಲಿಲ್ಲವೋ ಎಂದು ಬೇರ್ಪಡಿಸುವುದು ಕಷ್ಟ. ಹಾಗಾಗಿ ಸಮಯ ಹಿಡಿಯುತ್ತದೆ. ಅಲ್ಲಿಯವರೆಗೆ ಪಂಚಾಂಗದಲ್ಲಿ ದೀಪಾವಳಿಯಿಂದ ಆಚೆಗೆ, ಉಣುಗನ್ನು ದೂರವಿಡುವ ಡೆಪಾ ಎಣ್ಣೆಯ ಸಾಲು ಇದೆ: ಕಾಡಿಗೆ ಹೊರಡುವ ಹೊತ್ತಿಗೆ ಕೈಕಾಲು, ಕುತ್ತಿಗೆಗೆ ಹಚ್ಚುವುದು, ಮರಳಿದ ಮೇಲೆ ಬಟ್ಟೆಯನ್ನು ಬಿಸಿನೀರಿಗೆ ಹಾಕಿ, ಮೈಮೇಲೆ ಉಣುಗು ಇದೆಯೇ ನೋಡಿಕೊಂಡು, ಸೋಪು ಹಚ್ಚಿ ಸ್ನಾನ ಮಾಡುವುದು.